ಎಡೆದೊರೆ ನಾಡಿನ ಪರಿಮಳದ ಚಹಾ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಭಾಗವನ್ನು ನಮ್ಮ ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆಯುತ್ತವೆ. ರಾಯಚೂರು, ಮಾನ್ವಿ, ದೇವದುರ್ಗಗಳು ಈ ನಾಡಿನೊಳಗಣ ಊರುಗಳು. ಇಲ್ಲಿ ಚಹದ ಗಿಡ ಬೆಳೆಯುವುದಿಲ್ಲ, ಏಲಕ್ಕಿಯೂ ಬೆಳೆಯುವುದಿಲ್ಲ. ಆದರೂ ಜಜ್ಜಿದ ಹಸಿ ಶುಂಠಿಯೋ ಏಲಕ್ಕಿಯೋ ಬೀಳದ ಚಹವನ್ನು ಈ ಸೀಮೆಯ ಬಹುಮಂದಿ ಚಹವೆಂದೇ ಎಣಿಸುವುದಿಲ್ಲ. ಹಾಲಿಲ್ಲದ ಕರಿ ಚಹವಾದರೆ ನಿಂಬೆಯ ಹನಿ ಬೀಳಬೇಕು. ಚಹದ ಮರ್ಮ ಬಲ್ಲವರೆನಿಸಿಕೊಂಡವರು ಇದನ್ನು ಕಂಡು ಮೂಗು ಮುರಿಯುವುದುಂಟು. ಒಳ್ಳೆಯ ಎಲೆಗೆ ತನ್ನದೇ ಆದ ಕಂಪುಂಟು, ಅದರ ಮೇಲೆ ಮತ್ತೊಂದನ್ನು ಹೇರುವುದು ಒಂದೋ ಅರಸಿಕತೆ, ಇಲ್ಲವೇ ಕೆಟ್ಟ ಎಲೆಯನ್ನು ಮುಚ್ಚುವ ಉಪಾಯ ಎಂಬುದು ಅವರ ವಾದ. ಈ ವಾದದಲ್ಲಿ ಎಷ್ಟು ಸತ್ಯವಿದೆ, ಎಷ್ಟು ಚರಿತ್ರೆಯ ಅಜ್ಞಾನವಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ನೋಡೋಣ. ಇಂದು ‘ವಾಸನೆ’ ಎಂದರೆ ಬಹುಮಟ್ಟಿಗೆ ದುರ್ಗಂಧವೆಂದೇ ಅರ್ಥವಾಗುತ್ತದೆ. ಮೂಲದಲ್ಲಿ ಅದು ಗಂಧಶಾಸ್ತ್ರದ ಒಂದು ಕ್ರಿಯೆಯ ಹೆಸರು. ಒಂದು ವಸ್ತುವಿನ ಪರಿಮಳವನ್ನು ಮತ್ತೊಂದರಲ್ಲಿ ನೆಲೆಗೊಳಿಸುವುದು ಎಂದು ಅದರ ಅರ್ಥ. ಎಳ್ಳನ್ನೂ ಅರಳುವ ಹೂವನ್ನೂ ಪದರ ಪದರವಾಗಿ ಹರಡಿ, ಹೂ ಬಾಡಿದ ಮೇಲೆ ತೆಗೆದುಹಾಕಿ, ಹೊಸ ಹೂವಿಟ್ಟು, ಹೀಗೆ ಹಲವು ಸಲ ಮಾಡಿ ಕೊನೆಗೆ ಎಳ್ಳನ್ನು ಗಾಣಕ್ಕೆ ಹಾಕಿದರೆ ಎಣ್ಣೆಯಲ್ಲಿ ಹೂವಿನ ಕಂಪು ಉಳಿಯುತ್ತದೆ. ಹೂ ಹೋದರೂ ಕಂಪು ನಿಂತಿತೆಂಬ ಈ ದೃಷ್ಟಾಂತದಿಂದಲೇ ದಾರ್ಶನಿಕರು ಹಿಂದಿನ ಕರ್ಮದ ಸಂಸ್ಕಾರಕ್ಕೆ ವಾಸನೆಯೆಂದರು. ಚೀಣದವರು ಮಲ್ಲಿಗೆಯ ಚಹವನ್ನು ಮಾಡುವ ಕ್ರಮವು ಇದಕ್ಕಿಂತ ಭಿನ್ನವಲ್ಲ. ಅಲ್ಲಿ ಎಳ್ಳಿನ ಸ್ಥಾನದಲ್ಲಿ ಒಣಗಿದ ಎಲೆಯಿದೆ. ರಾತ್ರಿ ಬಿರಿಯುವ ಮೊಗ್ಗುಗಳನ್ನು ಎಲೆಯೊಡನೆ ಕೂಡಿಟ್ಟು, ಬೆಳಗಾದ ಮೇಲೆ ಬೇರ್ಪಡಿಸಿ, ಮತ್ತೆ ಹೊಸ ಮೊಗ್ಗನ್ನು ಕೂಡಿಸುತ್ತಾರೆ.

ಕುಡಿಯುವ ಪದಾರ್ಥಕ್ಕೆ ಪರಿಮಳವನ್ನು ಕೂಡಿಸುವ ವಿದ್ಯೆ ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಎಷ್ಟು ಮುಂದುವರಿದಿತ್ತೆಂಬುದು ವಿದ್ವಾಂಸರಿಗೆ ವಿದಿತವಾಗಿದೆ. ಸುಮಾರು ಕ್ರಿ. ಶ. 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಗಂಧಯುಕ್ತಿಗೂ ಪಾಕಕ್ಕೂ ಪ್ರತ್ಯೇಕ ಅಧಿಕಾರಗಳಿವೆ. ಅದಾದ ಒಂದು ಶತಮಾನಕ್ಕೆ, 1130ರ ಸುಮಾರಿಗೆ, ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಪಾನೀಯಭೋಗವೆಂಬ ಪ್ರಕರಣವನ್ನೇ ಇಟ್ಟುಕೊಂಡು, ಬರಿಯ ನೀರಿಗೂ ಹೂವುಗಳಿಂದ, ಸುಗಂಧ ದ್ರವ್ಯಗಳಿಂದ ವಾಸನೆಯನ್ನು ಕೊಡುವ ರೀತಿಯನ್ನು ಹೇಳುತ್ತದೆ. ಎಡೆದೊರೆ ನಾಡು ಆಗ ಆ ಚಾಳುಕ್ಯರ ಆಳ್ವಿಕೆಗೆ ಸೇರಿದ್ದಿತು. ಮುಂದೆ ಬಿಜಾಪುರದ ಅರಸರು ಈ ಸೀಮೆಯನ್ನಾಳುತ್ತಿದ್ದಾಗ, ಎರಡನೆಯ ಇಬ್ರಾಹೀಮ ಆದಿಲ ಶಹನ (1580-1627) ಆಸ್ಥಾನದಲ್ಲಿ ‘ಇತ್ರ್-ಎ-ನವರಸ ಶಾಹೀ’ ಎಂಬ ಪರಿಮಳಶಾಸ್ತ್ರದ ಪಾರಸೀ ಗ್ರಂಥವು ಹುಟ್ಟಿತು. ಅರಸೊತ್ತಿಗೆ ಬದಲಾದರೂ ಈ ಅಭಿರುಚಿ ತುಂಡಾಗಲಿಲ್ಲ ಎಂಬುದು ಗಮನಿಸತಕ್ಕ ಅಂಶ. ದೇವಾಲಯಗಳ ಪಾನಕದಲ್ಲಿ ಏಲಕ್ಕಿ, ಮೆಣಸು, ಶುಂಠಿಗಳು ಇಂದಿಗೂ ಬೀಳುತ್ತವೆ. ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಮನೆತನ ನೆಲಸಿದ ಮಾನ್ವಿಯೂ ಗೋಪಾಲದಾಸರ ಮೊಸರಕಲ್ಲೂ ಇರುವ ಈ ಭಾಗದಲ್ಲಿ ಪಾನಕದ ಪಾತ್ರೆಯು ಅಪರಿಚಿತವೆಂದು ಯಾರೂ ಹೇಳಲಾರರು. ಚಹದ ಎಲೆ ಬಂದಾಗ ಅದು ಬಿದ್ದುದು ಇಂಥ ಪಾತ್ರೆಯಲ್ಲಿ.

ಎಲೆಗೆ ಪರಿಮಳ ಸಲ್ಲದೆಂಬ ವಾದವೂ ಹೊಸದೇನಲ್ಲ. ನಮ್ಮ ಚಾವುಂಡರಾಯನ ಶತಮಾನದಲ್ಲಿಯೇ ಚೀಣದ ತ್ಸಾಯ್ ಷಿಯಾಂಗ್ ಎಂಬ ಅಧಿಕಾರಿಯು ಚಹದ ಮೇಲೆ ಒಂದು ಪ್ರಬಂಧವನ್ನು ಬರೆದು ಚಕ್ರವರ್ತಿಗೆ ಒಪ್ಪಿಸಿದನು. ಅರಮನೆಗೆ ಕಪ್ಪವಾಗಿ ಹೋಗುವ ಚಹದಲ್ಲಿ ಕಂಪಿಗಾಗಿ ಸ್ವಲ್ಪ ಕರ್ಪೂರವನ್ನು ಕೂಡಿಸುವರೆಂದೂ, ಚಹ ಬೆಳೆಯುವ ಊರಿನ ಜನರು ಮಾತ್ರ ಎಲೆಯ ನಿಜವಾದ ಪರಿಮಳ ಕೆಟ್ಟೀತೆಂದು ತಮ್ಮ ಪರೀಕ್ಷೆಗಳಲ್ಲಿ ಹಾಗೆ ಮಾಡುವುದಿಲ್ಲವೆಂದೂ ಆತನು ಹೇಳಿದ್ದಾನೆ. ಆ ಕರ್ಪೂರವಾದರೋ ನಮ್ಮಲ್ಲಿ ಭೀಮಸೇನಿಯೆಂದು ಹೆಸರಾದ, ಆಗ್ನೇಯ ದ್ವೀಪಗಳಿಂದ ಬರುತ್ತಿದ್ದ ಕರ್ಪೂರವೇ. ಆತನ ಚಹವು ಇಂದಿನ ಕಪ್ಪು ಚಹವಲ್ಲ, ಅಚ್ಚಿನಲ್ಲಿ ಒತ್ತಿದ ಬೇರೆ ಬಗೆಯದು. ಆದರೆ ಜಗಳ ಮಾತ್ರ ಇದೇ. ಬೆಳೆಯುವವನಿಗೆ ಎಲೆಯ ಅಭಿಮಾನ, ಕುಡಿಯುವ ಅರಮನೆಗೆ ಕಂಪಿನ ಹಂಬಲ.

ಹಿಂದೂಸ್ತಾನದಲ್ಲಿ ಸಾಂಬಾರ ಕೂಡಿಸಿದ ಚಹಕ್ಕೆ ದೊರೆಯುವ ಸಾಕ್ಷ್ಯವು ಅಸ್ಸಾಮಿನ ತೋಟಗಳಿಗಿಂತ ಹಳೆಯದು. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಮಸಾಲೆಯ ಚಹವು ತೀರ ಈಚಿನ ಬೀದಿಯ ಕೆಡುಕೆಂದು ನಂಬಿದವರು ಬಹಳ. 1638ರಲ್ಲಿ ಸೂರತಿಗೆ ಬಂದ ಮಾಂಡೆಲ್ಸ್ಲೋ ಎಂಬ ಜರ್ಮನ್ ಪ್ರವಾಸಿಯು ಅಲ್ಲಿ ಕೂಟಗಳಲ್ಲಿ ಚಹವನ್ನು ಕುಡಿಯುವ ರೂಢಿಯನ್ನು ಕಂಡನು. 1689ರಲ್ಲಿ ಅದೇ ಪಟ್ಟಣವನ್ನು ಕಂಡ ಇಂಗ್ಲಿಷ್ ಪಾದ್ರಿ ಓವಿಂಗ್ಟನ್ ಇನ್ನೂ ವಿವರವಾಗಿ ಬರೆದಿದ್ದಾನೆ. ಖಾರದ ಸಾಂಬಾರವನ್ನು ಕೂಡಿಸಿ ಕುದಿಸಿದ ಚಹವು ತಲೆನೋವಿಗೂ ಹೊಟ್ಟೆಯ ನುಲಿತಕ್ಕೂ ಒಳ್ಳೆಯದೆಂದು ಅಲ್ಲಿ ಖ್ಯಾತಿ ಪಡೆದಿತ್ತು. ಸಾಮಾನ್ಯವಾಗಿ ಕಲ್ಲುಸಕ್ಕರೆಯೊಡನೆ, ರುಚಿಯಲ್ಲಿ ಸೂಕ್ಷ್ಮರಾದವರು ಪಾಕದಲ್ಲಿಟ್ಟ ಸಣ್ಣ ನಿಂಬೆಯೊಡನೆ ಕುಡಿಯುತ್ತಿದ್ದರು. ಸೂರತು ಸಮುದ್ರ ವ್ಯಾಪಾರದ ಊರು, ರಾಯಚೂರಿಗೆ ಬಹುದೂರ. ಆ ಕಾಲದ ಸೂರತಿನ ರೂಢಿಯೇ ನೇರವಾಗಿ ಎಡೆದೊರೆಗೆ ಬಂದಿತೆಂದು ನಾನು ಹೇಳುತ್ತಿಲ್ಲ. ಅಸ್ಸಾಮಿನ ಕಾಡಿನಲ್ಲಿ ಚಹದ ಗಿಡವನ್ನು ರಾಬರ್ಟ್ ಬ್ರೂಸನು 1823ರಲ್ಲಿ ಕಂಡನೆಂದು ಎಣಿಕೆಯಿದೆ. ಅದಕ್ಕೂ ನೂರಮೂವತ್ತು ವರ್ಷಗಳ ಹಿಂದೆಯೇ ನಮ್ಮ ದೇಶದವರು ಸಾಂಬಾರ, ನಿಂಬೆಗಳೊಡನೆ ಚಹವನ್ನು ಬಲ್ಲವರಾಗಿದ್ದರು ಎಂಬಿಷ್ಟೇ ಇಲ್ಲಿ ಬೇಕಾದುದು.

ಇನ್ನು ರಾಯಚೂರಿನ ಮಾತು. 1853ರ ಒಪ್ಪಂದದಂತೆ ಈ ದೋ ಆಬನ್ನು ನಿಜಾಮನು ಇಂಗ್ಲಿಷರಿಗೆ ವಹಿಸಿಕೊಟ್ಟನು. 1860ರಲ್ಲಿ ಅದು ಮರಳಿ ನಿಜಾಮನಿಗೆ ಬಂದಿತು. 1871ರಲ್ಲಿ ಬೊಂಬಾಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ದಾರಿಯೂ ರಾಯಚೂರಿನಲ್ಲಿ ಕೂಡಿದುವು. ಈ ಕೂಟದಿಂದ ಎರಡು ರುಚಿಗಳೂ ಇಲ್ಲಿ ಸಂಧಿಸಿದುವೆಂದು ಊಹಿಸಲಡ್ಡಿಯಿಲ್ಲ. ಭಾಷೆಯೇ ಇದಕ್ಕೆ ಕುರುಹು: ದಕ್ಷಿಣದ ಮೈಸೂರಿಗರು ‘ಟೀ’ ಎನ್ನುವಲ್ಲಿ ರಾಯಚೂರಿನವರು ‘ಚಾ’, ‘ಚಹಾ’ ಎನ್ನುತ್ತಾರೆ. ಮೊದಲನೆಯದು ದಕ್ಷಿಣ ಚೀಣದ ಕರಾವಳಿಯ ಉಚ್ಚಾರಣೆ, ಡಚ್ಚರ ಹಡಗಿನಲ್ಲಿ ಯುರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ನಮಗೆ ಬಂದುದು. ಎರಡನೆಯದು ಚೀಣದ ಇತರ ಭಾಗಗಳ ‘ಚಾ’. ಪಾರಸಿಗೆ ಹೋಗಿ ‘ಚಾಯ್’ ಎನಿಸಿದ್ದೂ ಅದೇ. ಹೈದರಾಬಾದಿನ ಉರ್ದುವೂ ನೆರೆಯ ಮರಾಠಿಯೂ ಈ ಸೀಮೆಯಲ್ಲಿ ಅದನ್ನು ನೆಲೆಗೊಳಿಸಿದುವು. ಹಸಿ ಶುಂಠಿಗೆ ಈ ಕಡೆ ‘ಅಲ್ಲ’ ಎನ್ನುವುದು ವಾಡಿಕೆ. ತೆಲುಗಿನ ‘ಅಲ್ಲಂ’ ಅದರ ಬಂಧು. ‘ಅಲ್ಲ ಹಾಕಿದ ಚಹಾ’ ಎಂಬ ಮಾತನ್ನು ಮೊದಲ ಬಾರಿ ಕೇಳಿದ ದಕ್ಷಿಣದ ಪಂಡಿತರು ಇದು ಚಹವೋ ಚಹವಲ್ಲವೋ ಎಂದು ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ.

ಹೈದರಾಬಾದಿನ ಇರಾನೀ ಚಹದಂಗಡಿಗಳಲ್ಲಿ ಎಲೆಯ ಕಷಾಯವನ್ನು ಬಹಳ ಹೊತ್ತು ಸಣ್ಣ ಉರಿಯಲ್ಲಿಟ್ಟು, ಬೇರೆಯೇ ಕಾಸಿ ಗಟ್ಟಿಮಾಡಿದ ಹಾಲನ್ನು ಕೂಡಿಸುವರು. ಈ ರಾಜಧಾನಿಯ ರೂಢಿಯ ಜೊತೆಗೆ ಮತ್ತೊಂದು ಬೋಧನೆಯೂ ಬಂದಿತು. 1903ರ ಚಹ ಸೆಸ್ ಕಾಯಿದೆಯಿಂದ ಹಣವನ್ನು ಪಡೆದ ಸಮಿತಿಯು, 1937ರಿಂದ ಚಹ ಮಾರುಕಟ್ಟೆ ವಿಸ್ತರಣ ಮಂಡಲಿಯೆಂಬ ಹೆಸರಿನಿಂದ, ರೈಲು ನಿಲ್ದಾಣ, ಸಂತೆ, ಕಾರಖಾನೆಗಳಲ್ಲಿ ಚಹ ಮಾಡುವ ‘ಸರಿಯಾದ ಕ್ರಮ’ವನ್ನು ಚಿತ್ರಪಟಗಳಿಂದ ಕಲಿಸಿತು: ಹೊಸ ನೀರನ್ನು ಕುದಿಸಬೇಕು, ಎಲೆಯನ್ನು ನೆನೆಯಿಡಬೇಕು, ಹಾಲು ಸಕ್ಕರೆಗಳನ್ನು ಆಮೇಲೆ ಹಾಕಬೇಕು. ಬೀದಿಯ ಅಂಗಡಿಯವರು ಸಾಂಬಾರ ಹಾಕಿ ಎಲೆಯನ್ನು ಉಳಿಸುವುದು ಚಹದ ವ್ಯಾಪಾರಿಗಳಿಗೆ ಸೇರಲಿಲ್ಲ. ಏಲಕ್ಕಿ ಹೆಚ್ಚಾದಷ್ಟೂ ಎಲೆಯ ಮಾರಾಟ ಕಡಮೆ ಎಂಬುದು ಅವರ ಲೆಕ್ಕ. ನಮ್ಮ ಕಾಲದ ಶುದ್ಧ ಚಹವಾದಿಗಳು ತಮ್ಮ ರಸಿಕತೆಯೆಂದು ಹೇಳಿಕೊಳ್ಳುವುದರಲ್ಲಿ ಈ ಅಂಗಡಿಯ ಲೆಕ್ಕವು ಎಷ್ಟು ಬೆರೆತಿದೆಯೆಂದು ಒಮ್ಮೆ ಯೋಚಿಸಬಹುದು.

ಆದರೆ ಎದುರು ಪಕ್ಷದಲ್ಲಿಯೂ ಸತ್ಯವಿದೆ. ನಿಂಬೆಯ ಜಾತಿಯ ಬರ್ಗಮಾಟ್ ಹಣ್ಣಿನ ಸಿಪ್ಪೆಯ ತೈಲವನ್ನು ಕೂಡಿಸಿದ ಅರ್ಲ್ ಗ್ರೇ ಎಂಬ ಚಹವು ಇಂದು ದೊಡ್ಡವರ ಪಾನೀಯ. ಚೀಣದ ಮಂತ್ರಿಯೊಬ್ಬನು ಆ ಪಾಕವನ್ನು ಕೃತಜ್ಞತೆಯಿಂದ ಕೊಟ್ಟನೆಂಬ ಕಥೆಯೂ ಅದರ ಸುತ್ತ ಬೆಳೆದಿದೆ. 1824ರಷ್ಟು ಹಿಂದಿನ ಇಂಗ್ಲಿಷ್ ಉಲ್ಲೇಖದಲ್ಲಾದರೋ ಬರ್ಗಮಾಟ್ ಬರುವುದು ಕೀಳು ಎಲೆಯನ್ನು ಮೇಲಾಗಿ ತೋರಿಸುವ ಉಪಾಯವಾಗಿ. ನಮ್ಮಲ್ಲಿಯೂ ಹಾಗೆಯೇ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿ ಸ್ವಾತಂತ್ರ್ಯದ ಅನಂತರ ದೇಶವನ್ನೆಲ್ಲ ವ್ಯಾಪಿಸಿದ ಸೀಟೀಸೀ ಯಂತ್ರವು ಎಲೆಯನ್ನು ಅರೆದು, ಹರಿದು, ಸುರುಳಿಸಿ ಕಾಳಾಗಿಸುತ್ತದೆ. ಆ ಕಾಳಿನಲ್ಲಿ ಬಣ್ಣ ಬೇಗ ಇಳಿಯುತ್ತದೆ, ಕಡುಪು ಹೆಚ್ಚು, ಬೆಲೆ ಕಡಮೆ. ಪೂರ್ಣ ಎಲೆಯ ನವುರಾದ ಕಂಪು ಮಾತ್ರ ಇರುವುದಿಲ್ಲ. ದೇವದುರ್ಗ ಮಾನ್ವಿಗಳ ಅಂಗಡಿಗೆ ಬರುವ ಪುಡಿಯು ಬಹುಮಟ್ಟಿಗೆ ಈ ಜಾತಿಯದೇ. ಎಲೆ ಕಳೆದುಕೊಂಡುದನ್ನು ಅಲ್ಲ, ಏಲಕ್ಕಿಗಳು ತುಂಬಿಕೊಡುತ್ತವೆ. ಇದನ್ನು ಮೋಸವೆನ್ನುವುದಕ್ಕಿಂತ ಬಡವನ ಜಾಣತನವೆನ್ನುವುದು ಮೇಲು. ಶುದ್ಧತೆಯ ಮಾತಿಗೆ ಬಂದರೆ ಏಲಕ್ಕಿಯೇ ಶುದ್ಧವಾಗಿ ಬಂದುದಲ್ಲ: ಮಲೆನಾಡಿನ ಏಲಕ್ಕಿಯನ್ನು ಹಿಂದೆ ಹಾವೇರಿಯ ಬಾವಿಗಳ ನೀರಿನಲ್ಲಿ ಅಂಟುವಾಳದಿಂದ ತೊಳೆದು, ಬಿಳುಪೇರಿಸಿ ಮಾರಾಟಕ್ಕೆ ಕಳಿಸುತ್ತಿದ್ದರು.

ಕೂಡುವಿಕೆಗೆ ದ್ರವ್ಯಗುಣದ ಆಧಾರವೂ ಉಂಟು. ಕಪ್ಪು ಚಹದ ಕಂಪಿನ ಘಟಕಗಳಲ್ಲಿ ಲಿನಲೂಲ್ ಎಂಬುದು ಮುಖ್ಯವಾದುದು. ಮಲ್ಲಿಗೆಯಲ್ಲಿಯೂ ಬರ್ಗಮಾಟಿನಲ್ಲಿಯೂ ಅದು ಇದೆ; ಏಲಕ್ಕಿಯಲ್ಲಿ ಸ್ವಲ್ಪಮಟ್ಟಿಗೆ ಇದೆ. ಆದುದರಿಂದ ಇವು ಎಲೆಯೊಡನೆ ಹೊಂದಿಕೊಳ್ಳುವುದು ಕೇವಲ ಅಭ್ಯಾಸಬಲದಿಂದಲ್ಲ. ಮಜ್ಜಿಗೆ ಹುಲ್ಲು ಮತ್ತು ನಿಂಬೆಯ ಸಿಪ್ಪೆಗಳಲ್ಲಿ ಸಿಟ್ರಾಲ್ ಸಮಾನವಾಗಿದೆ. ಕರಿ ಚಹಕ್ಕೆ ನಿಂಬೆಯನ್ನು ಹಿಂಡಿದೊಡನೆ ಅದರ ಬಣ್ಣ ತಿಳಿಯಾಗುವುದಕ್ಕೆ ಹುಳಿಯೇ ಕಾರಣ. ಲವಂಗವಾದರೋ ಜಬರದಸ್ತಿನದು, ಒಂದು ಹೆಚ್ಚಾದರೂ ಎಲೆಯ ಸುಳಿವೇ ಉಳಿಯದು.

ಕಲಬೆರಕೆಗೂ ವಾಸನೆಗೂ ನಡುವಣ ಗೆರೆಯನ್ನು ಕೊನೆಗೆ ನ್ಯಾಯಶಾಸ್ತ್ರವೂ ಎಳೆಯಬೇಕಾಯಿತು. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ಕೆಳಗಿನ ನಿಯಮಗಳು ಚಹಕ್ಕೆ ಬಣ್ಣ ಕಟ್ಟುವುದನ್ನು ನಿಷೇಧಿಸಿದುವು. ಪರಿಮಳವನ್ನು ಕೂಡಿಸಿದ ಚಹವನ್ನಾದರೋ, ಅದು ಪರಿಮಳಿತವೆಂದೂ ಯಾವ ಪರಿಮಳವೆಂದೂ ಡಬ್ಬಿಯ ಮೇಲೆ ಹೆಸರಿಸಿದರೆ ಮಾರಬಹುದೆಂದುವು. ಆ ಕಾಯಿದೆಯ ಸ್ಥಾನಕ್ಕೆ 2006ರ ಆಹಾರ ಸುರಕ್ಷತಾ ಕಾಯಿದೆಯು ಬಂದಿದೆ. ರಾಯಚೂರಿನ ಚಹದಂಗಡಿಯಲ್ಲಿ ಡಬ್ಬಿಯೂ ಇಲ್ಲ, ಅದರ ಮೇಲಣ ಬರಹವೂ ಇಲ್ಲ. ಅಲ್ಲಿ ಅಲ್ಲವನ್ನು ಜಜ್ಜುವ ಸಪ್ಪಳವು ಗಿರಾಕಿಗೆ ಕೇಳಿಸುತ್ತದೆ, ಪಾತ್ರೆಯ ಘಮವು ಬೀದಿಗೆ ಬರುತ್ತದೆ. ಅದನ್ನು ಯಾರೂ ವಾಸನೆಯೆನ್ನುವುದಿಲ್ಲ, ‘ಘಮ’ವೆಂದೇ ಎನ್ನುತ್ತಾರೆ. ಹಾಲು ಕೆಟ್ಟ ದಿನ ಮಾತ್ರ ಚಹಕ್ಕೆ ವಾಸನೆ ಬಂದಿತೆಂದು ಲೋಟವನ್ನು ಹಿಂದಕ್ಕೆ ತಳ್ಳುತ್ತಾರೆ.