ಅರಣ್ಯ ಪ್ರದೇಶಗಳಲ್ಲಿ ಚಾರಣ ಹಾಗೂ ರಾತ್ರಿ ವಾಸ್ತವ್ಯ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಪಶ್ಚಿಮ ಘಟ್ಟಗಳ ಅರಣ್ಯಗಳು ರಾಜ್ಯದ ಚಾರಣಪ್ರಿಯರ ಅಚ್ಚುಮೆಚ್ಚಿನ ತಾಣಗಳಾಗಿವೆ. ಅರಣ್ಯವು ಸಾರ್ವಜನಿಕ ಸ್ವತ್ತಾಗಿದ್ದರೂ ಅದರೊಳಗಿನ ಪ್ರವೇಶವು ಕಾನೂನಿನ ನಿಬಂಧನೆಗಳಿಗೆ ಒಳಪಟ್ಟಿರುತ್ತದೆ. ಅನುಮತಿ ಪಡೆದು ಹಗಲಿನಲ್ಲಿ ಗೊತ್ತುಪಡಿಸಿದ ಹಾದಿಯಲ್ಲಿ ಚಾರಣ ಕೈಗೊಳ್ಳಬಹುದು. ಆದರೆ ಇಷ್ಟಬಂದ ಸ್ಥಳದಲ್ಲಿ ಡೇರೆ ಹಾಕಿ ತಂಗಲು ಅಥವಾ ಬೆಂಕಿ ಹೊತ್ತಿಸಲು ಅವಕಾಶವಿರುವುದಿಲ್ಲ. ಈ ನಿರ್ಬಂಧಗಳ ಹಿನ್ನೆಲೆ ಹಾಗೂ ಪಾಲಿಸಬೇಕಾದ ಕ್ರಮಗಳನ್ನು ಕುಮಾರ ಪರ್ವತದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಕುಮಾರ ಪರ್ವತ

1,712 ಮೀಟರ್ ಎತ್ತರದ ಕುಮಾರ ಪರ್ವತವು ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಭಾಗದಲ್ಲಿ, ಪುಷ್ಪಗಿರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದೆ. ಈ ವನ್ಯಜೀವಿಧಾಮವು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ಒಂದು. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮಾರಧಾರಾ ನದಿಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಶಿಖರಕ್ಕೆ ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೂಲಕ ಒಂದು ಹಾದಿಯೂ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಮತ್ತೊಂದು ಹಾದಿಯೂ ಇವೆ. ಕುಕ್ಕೆ ಕಡೆಯ ಹಾದಿಯು ದೀರ್ಘವೂ ಕಡಿದೂ ಆಗಿದೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜಾ ದಿನಗಳಂದು ಸಾವಿರಾರು ಜನರು ಒಮ್ಮೆಗೇ ಇಲ್ಲಿಗೆ ಬಂದ ಕಾರಣ ಹಾದಿಯುದ್ದಕ್ಕೂ ದಟ್ಟಣೆ ಉಂಟಾಯಿತು. ತದನಂತರ ಆನ್‌ಲೈನ್ ಕಾಯ್ದಿರಿಸುವಿಕೆಯ ವ್ಯವಸ್ಥೆ ಇಲ್ಲದ ಚಾರಣ ಪಥಗಳನ್ನು ಸರ್ಕಾರವು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿತು. 2024ರ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಆರಂಭವಾಗಿ, ಪ್ರತಿ ಪಥಕ್ಕೆ ದಿನಕ್ಕೆ 300 ಜನರ ಮಿತಿಯನ್ನು ನಿಗದಿಪಡಿಸಲಾಯಿತು.

ನಿರ್ಬಂಧಗಳಿಗೆ ಕಾರಣಗಳು

1. ಬೆಂಕಿ: ಶಿಖರ ಪ್ರದೇಶದ ಹುಲ್ಲುಗಾವಲು ಜನವರಿಯ ಹೊತ್ತಿಗೆ ಒಣಗಿರುತ್ತದೆ. ಆರದೆ ಉಳಿದ ಒಲೆಯ ಕೆಂಡ ಅಥವಾ ಎಸೆದ ಬೀಡಿಯ ತುಂಡು ಗಾಳಿಗೆ ಸಿಕ್ಕಿದರೆ ಇಡೀ ಇಳಿಜಾರು ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ವಾಹನವಾಗಲಿ ನೀರಿನ ಟ್ಯಾಂಕರ್ ಆಗಲಿ ತಲುಪಲಾರದು. ಸಿಬ್ಬಂದಿ ಹಸಿ ಸೊಪ್ಪಿನಿಂದ ಬಡಿದು ಬೆಂಕಿ ನಂದಿಸಬೇಕಾಗುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕಾಳ್ಗಿಚ್ಚು ನಂದಿಸುವಾಗ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು.

2. ವನ್ಯಪ್ರಾಣಿಗಳ ಸಂಚಾರ: ಆನೆ, ಕಾಟಿ ಮೊದಲಾದವು ಮುಸ್ಸಂಜೆಯಿಂದ ಮುಂಜಾನೆಯವರೆಗೆ ನೀರು ಮತ್ತು ಮೇವಿಗಾಗಿ ಹೆಚ್ಚಾಗಿ ಓಡಾಡುತ್ತವೆ. ನೀರಿನ ಸಮೀಪ ಹಾಕಿದ ಡೇರೆಯು ಪ್ರಾಣಿಗಳ ದಾರಿಗೆ ಅಡ್ಡಿಯಾಗುವುದಲ್ಲದೆ, ಅದರೊಳಗಿರುವವರ ಪ್ರಾಣಕ್ಕೂ ಅಪಾಯ ತರುತ್ತದೆ.

3. ನೀರು ಮತ್ತು ತ್ಯಾಜ್ಯ: ಬೆಟ್ಟದ ತೊರೆಗಳೇ ಕೆಳಗಿನ ಗ್ರಾಮಗಳ ಜಲಮೂಲ. ಅವುಗಳ ಬಳಿ ಮಲವಿಸರ್ಜನೆ ಮಾಡುವುದು, ಪಾತ್ರೆ ತೊಳೆಯುವುದು ನೀರನ್ನು ಕೆಡಿಸುತ್ತದೆ.

ಕಾನೂನಿನ ನಿಬಂಧನೆಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 27ರನ್ವಯ ವನ್ಯಜೀವಿಧಾಮದೊಳಗೆ ಪ್ರವೇಶ ನಿರ್ಬಂಧಿತವಾಗಿದೆ. ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ ಪ್ರಕರಣ 28ರಡಿ ಅನುಮತಿ ನೀಡಬಹುದಾಗಿದೆ. ಬೆಂಕಿ ಹಚ್ಚುವುದನ್ನು ಪ್ರಕರಣ 30, ಪರವಾನಗಿಯಿಲ್ಲದೆ ಆಯುಧ ಒಯ್ಯುವುದನ್ನು ಪ್ರಕರಣ 31 ನಿಷೇಧಿಸುತ್ತವೆ. 2022ರ ತಿದ್ದುಪಡಿಯ ನಂತರ, ಅಧಿನಿಯಮದ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗಿನ ಕಾರಾವಾಸ ಅಥವಾ 1 ಲಕ್ಷ ರೂಪಾಯಿವರೆಗಿನ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಮೀಸಲು ಅರಣ್ಯಗಳಿಗೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ.

ಚಾರಣಿಗರು ಪಾಲಿಸತಕ್ಕ ಕ್ರಮಗಳು

1. ಮುಂಗಡವಾಗಿ ಟಿಕೆಟ್ ಕಾಯ್ದಿರಿಸಿ, ಗುರುತಿನ ಚೀಟಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಬೇಸಿಗೆಯಲ್ಲಿ ಬೆಂಕಿಯ ಅಪಾಯದಿಂದಲೂ ಮಳೆಗಾಲದಲ್ಲಿ ಜಾರುವ ಹಾದಿಯಿಂದಲೂ ಪಥಗಳನ್ನು ಮುಚ್ಚುವುದುಂಟು. ಆದ್ದರಿಂದ ಊರು ಬಿಡುವ ಮೊದಲೇ ವಿಚಾರಿಸುವುದು ಸೂಕ್ತ.

2. ಬೆಳಿಗ್ಗೆ ಬೇಗನೆ ಹೊರಟು, ಕತ್ತಲಾಗುವ ಮುನ್ನ ತನಿಖಾ ಠಾಣೆಗೆ ಮರಳತಕ್ಕದ್ದು. ಶಿಖರ ತಲುಪುವುದು ತಡವಾಗುವಂತಿದ್ದರೆ ಅರ್ಧದಾರಿಯಿಂದಲೇ ಹಿಂತಿರುಗುವುದು ಕ್ಷೇಮಕರ.

3. ಬೆಂಕಿಪೆಟ್ಟಿಗೆ, ಸಿಗರೇಟು, ಮದ್ಯ ಹಾಗೂ ಧ್ವನಿವರ್ಧಕಗಳನ್ನು ಒಯ್ಯಬಾರದು. ಸಿದ್ಧ ಆಹಾರ ಮತ್ತು ಸಾಕಷ್ಟು ಕುಡಿಯುವ ನೀರು ಕೊಂಡೊಯ್ಯುವುದು.

4. ಒಯ್ದ ಪ್ರತಿಯೊಂದು ಬಾಟಲಿ ಹಾಗೂ ಪೊಟ್ಟಣವನ್ನು ಎಣಿಸಿ ವಾಪಸು ತರತಕ್ಕದ್ದು.

5. ತಂಡದಿಂದ ಬೇರ್ಪಡಬಾರದು; ಅಡ್ಡದಾರಿ ಹಿಡಿಯಬಾರದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು. ಬೆಟ್ಟದ ಅನೇಕ ಕಡೆ ಮೊಬೈಲ್ ಸಂಪರ್ಕ ದೊರೆಯದಿರುವುದರಿಂದ ಹಿಂತಿರುಗುವ ವೇಳೆಯನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಆರೋಗ್ಯ ಮುನ್ನೆಚ್ಚರಿಕೆ

ಮಲೆನಾಡಿನ ಕೆಲವು ಜಿಲ್ಲೆಗಳ ಕಾಡುಗಳಲ್ಲಿ ಮಂಗನ ಕಾಯಿಲೆಯ ಭೀತಿಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವು ಉಣುಗುಗಳ ಕಡಿತದಿಂದ ಹರಡುತ್ತದೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮೈ ಮುಚ್ಚುವ ಉಡುಪು ಧರಿಸಿ, ಮರಳಿದ ಕೂಡಲೇ ಬಿಸಿನೀರು, ಸೋಪಿನಿಂದ ಸ್ನಾನ ಮಾಡುವುದು. ನಂತರದ ದಿನಗಳಲ್ಲಿ ಜ್ವರ, ತೀವ್ರ ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಸತ್ತ ಮಂಗಗಳನ್ನು ಮುಟ್ಟದೆ ಹತ್ತಿರದ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ಮಾಹಿತಿ ನೀಡುವುದು.

ರಾತ್ರಿ ತಂಗಲು ಬಯಸುವವರಿಗೆ

ಕಾಡಿನ ಸಮೀಪ ರಾತ್ರಿ ಕಳೆಯಲಿಚ್ಛಿಸುವವರು ಅಧಿಕೃತ ಶಿಬಿರಗಳಲ್ಲಿ ತಂಗಬಹುದು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಕಬಿನಿ, ಭೀಮೇಶ್ವರಿ ಮೊದಲಾದೆಡೆ ಇಂತಹ ವ್ಯವಸ್ಥೆ ಹೊಂದಿದೆ. ಇಲ್ಲಿ ಶೌಚಾಲಯ, ಅಡುಗೆ ಮತ್ತು ಕಾವಲಿನ ಏರ್ಪಾಡು ಇರುವುದರಿಂದ ಅರಣ್ಯಕ್ಕೂ ಅತಿಥಿಗಳಿಗೂ ಅಪಾಯ ಕಡಿಮೆ.

ಒಂದು ದಿನದ ಚಾರಣದಲ್ಲಿ ಉಂಟಾದ ಅಜಾಗರೂಕತೆಯ ನಷ್ಟವನ್ನು ಸರಿಪಡಿಸಲು ಅರಣ್ಯಕ್ಕೆ ಅನೇಕ ವರ್ಷಗಳು ಬೇಕಾಗುತ್ತವೆ. ಆದ್ದರಿಂದ ಸಾರ್ವಜನಿಕರು ಮೇಲ್ಕಂಡ ನಿಬಂಧನೆಗಳನ್ನು ಪಾಲಿಸಿ ಸ್ಥಳದಲ್ಲಿರುವ ಅರಣ್ಯ ಸಿಬ್ಬಂದಿಯೊಂದಿಗೆ ಸಹಕರಿಸಬೇಕಾಗಿ ಕೋರಲಾಗಿದೆ.