ಕೂಗಿಗೆ ಓಡುವ ಧರ್ಮ

ಕಳೆದ ವರ್ಷ ತೊಗರಿಯ ರಾಶಿಯ ದಿನಗಳಲ್ಲಿ ಪೇಟೆಯೂರೊಂದರ ಬಸ್ಸು ನಿಲ್ದಾಣದಲ್ಲಿ ನಾನು ಮಂಠಾಳಕ್ಕೆ ಮರಳುವ ಬಸ್ಸನ್ನು ಕಾಯುತ್ತ ನಿಂತಿದ್ದೆನು. ಕಾಳನ್ನು ಮಾರಿ ಬಂದಿದ್ದ ವೃದ್ಧ ರೈತನೊಬ್ಬನನ್ನು ನಾಲ್ವರು ತರುಣರು ಸುತ್ತುಗಟ್ಟಿದರು. ಒಬ್ಬನು ಮೈಮೇಲೆ ಬಿದ್ದನು. ಮತ್ತೊಬ್ಬನು, ತನ್ನನ್ನೇಕೆ ತಳ್ಳಿದೆಯೆಂದು ಜಗಳ ತೆಗೆದನು. ಮೂರನೆಯವನು ಕೈಚೀಲವನ್ನು ಕಿತ್ತು ನಾಲ್ಕನೆಯವನಿಗೆ ದಾಟಿಸಿದನು. ‘ಹಿಡೀರಿ, ಹಿಡೀರಿ’ ಎಂದು ಮುದುಕನು ಕೂಗಿಕೊಂಡನು. ಅಲ್ಲಿ ಐವತ್ತು ಜನರಾದರೂ ಇದ್ದೆವು. ಒಬ್ಬರೂ ಕದಲಲಿಲ್ಲ. ನಾನೂ ಕದಲಲಿಲ್ಲ, ನನ್ನ ಕೈ ನನ್ನ ಜೇಬನ್ನು ಭದ್ರವಾಗಿ ಹಿಡಿದುಕೊಂಡಿತ್ತು. ಪುಂಡರು ಮರೆಯಾದ ಮೇಲೆ ಆ ಮುದುಕನು ನನ್ನ ಬಳಿ ಬಂದು, ‘ಗುರುಗಳೇ, ನೀವೂ ಇಲ್ಲೇ ಇದ್ದಿರಲ್ರೀ’ ಎಂದನು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ, ಪಾಠಶಾಲೆಯ ದಿನಗಳಿಂದ ನನ್ನೊಡನಿರುವ ಮಿತಾಕ್ಷರೆಯ ವ್ಯವಹಾರಾಧ್ಯಾಯವನ್ನು ತೆರೆದೆನು. ಅಲ್ಲಿ ಕಂಡುದನ್ನೂ, ಅದರ ಬೆಳಕಿನಲ್ಲಿ ನಮ್ಮ ಸೀಮೆಯ ಇತಿಹಾಸವನ್ನು ನೋಡಿದಾಗ ತೋರಿದುದನ್ನೂ ವಾಚಕರ ಮುಂದಿಡುವೆನು.

ಮಿತಾಕ್ಷರೆಯು ನಮಗೆ ದೂರದ ಗ್ರಂಥವಲ್ಲ. ಕ್ರಿ. ಶ. ೧೦೭೬ರಿಂದ ೧೧೨೬ರ ವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಮಂಠಾಳದ ನೆರೆಯ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ರಚಿಸಿದನು. ಗ್ರಂಥದ ಕೊನೆಯಲ್ಲಿ ಆತನು ಕಲ್ಯಾಣದಂಥ ಪುರವಿಲ್ಲವೆಂದೂ ವಿಕ್ರಮನಂಥ ಅರಸನಿಲ್ಲವೆಂದೂ ಹೊಗಳಿದ್ದಾನೆ. ಕೋಲ್‌ಬ್ರುಕ್ ಎಂಬ ಆಂಗ್ಲ ವಿದ್ವಾಂಸನು ೧೮೧೦ರಲ್ಲಿ ಇದರ ದಾಯಭಾಗವನ್ನು ಭಾಷಾಂತರಿಸಿದ ಮೇಲೆ ನ್ಯಾಯಾಲಯಗಳಲ್ಲಿ ಇದಕ್ಕೆ ಮಹಾಪ್ರತಿಷ್ಠೆಯುಂಟಾಯಿತು. ಆದರೆ ಆಸ್ತಿಯ ಪಾಲಿಗಾಗಿ ಇದನ್ನು ತಿರುವಿದವರಲ್ಲಿ ಸಾಹಸಪ್ರಕರಣವನ್ನೂ ಸ್ತೇಯಪ್ರಕರಣವನ್ನೂ ಓದಿದವರು ವಿರಳ. ಬೀದಿಯಲ್ಲಿ ನಡೆಯುವ ಬಡವನಿಗೆ ಬೇಕಾದುದು ಈ ಎರಡು ಪ್ರಕರಣಗಳೇ ಆಗಿವೆ.

ಮರೆಯಲ್ಲಿ ಅಪಹರಿಸುವುದು ಸ್ತೇಯ. ಬಲದಿಂದ, ಜನರ ಕಣ್ಣೆದುರಿಗೇ ಎಸಗುವುದು ಸಾಹಸ. ಬಟ್ಟೆಯನ್ನು ಕಿತ್ತೊಯ್ಯುವವನನ್ನೂ ಗಂಟುಕಳ್ಳನನ್ನೂ ಸ್ಮೃತಿಕಾರನು ಬೇರೆಯಾಗಿ ಹೆಸರಿಸಿದ್ದಾನೆ. ಅವರಿಗೆ ವಿಧಿಸಿದ ಅಂಗಚ್ಛೇದದ ಶಿಕ್ಷೆಗಳು ನಮ್ಮ ಕಾಲಕ್ಕೆ ಒಪ್ಪತಕ್ಕವಲ್ಲ, ಅವನ್ನು ಬದಿಗಿಡೋಣ. ನನ್ನ ಮನಸ್ಸನ್ನು ಸೆಳೆದುದು, ಕಳ್ಳನ ಹೊರತಾಗಿ ಇನ್ನು ಯಾರು ಯಾರು ಹೊಣೆಗಾರರೆಂಬ ವಿಚಾರ.

ಮೊದಲನೆಯದು ಸೀಮೆಯ ಹೊಣೆ. ಊರೊಳಗೆ ಕೊಲೆಯೋ ಕಳವೋ ಆಗಿ, ಕಳ್ಳನು ಹೊರಗೆ ಹೋದ ಹೆಜ್ಜೆ ಕಾಣದಿದ್ದರೆ ದೋಷವು ಊರಿನ ಒಡೆಯನದು; ಕಾವಲಿನ ಹುಲ್ಲುಗಾವಲಿನಲ್ಲಾದರೆ ಅದರ ಅಧಿಕಾರಿಯದು; ಅದಿಲ್ಲದ ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಿಸಿದ ಅಧಿಕಾರಿಯದು. ತನ್ನ ಸೀಮೆಯೊಳಗಿನ ನಷ್ಟವನ್ನು ಊರೇ ತುಂಬಿಕೊಡಬೇಕು, ಇಲ್ಲವೆ ಹೆಜ್ಜೆಯ ಜಾಡು ಯಾವ ಊರಿಗೆ ಹೋಯಿತೋ ಆ ಊರು ಕೊಡಬೇಕು. ಒಂದು ಕ್ರೋಶದ ಆಚೆ ನಡೆದಿದ್ದರೆ ಸುತ್ತಲಿನ ಐದು ಊರುಗಳೋ ಹತ್ತು ಊರುಗಳೋ ಕೂಡಿ ಕೊಡಬೇಕು. ಅಂದರೆ ಯಾರಿಗೂ ಸೇರದ ದಾರಿಯೆಂಬುದೇ ಇಲ್ಲ.

ಎರಡನೆಯದು ಪೋಷಕನ ಹೊಣೆ. ಕಳ್ಳನೆಂದು ತಿಳಿದೂ ಅನ್ನ, ನೆಲೆ, ಬೆಂಕಿ, ನೀರು, ಆಲೋಚನೆ, ಸಲಕರಣೆ, ದಾರಿಯ ವೆಚ್ಚ ಇವುಗಳನ್ನು ಕೊಟ್ಟವನಿಗೆ ಉತ್ತಮಸಾಹಸ ದಂಡ. ಎಂದರೆ ೧೦೮೦ ಪಣ. ಸಾಹಸವನ್ನು ಇನ್ನೊಬ್ಬರಿಂದ ಮಾಡಿಸಿದವನಿಗೆ ಎರಡರಷ್ಟು ದಂಡ; ‘ಹಣ ನಾನು ಕೊಡುವೆನು, ನೀನು ಮಾಡು’ ಎಂದವನಿಗೆ ನಾಲ್ಕರಷ್ಟು. ಪುಂಡರ ಹಿಂದೆ ದೊಡ್ಡವರಿರುತ್ತಾರೆಂಬುದನ್ನು ಒಂಬೈನೂರು ವರ್ಷಗಳ ಹಿಂದೆಯೇ ಕಲ್ಯಾಣದಲ್ಲಿ ಬಲ್ಲವರಿದ್ದರು.

ಮೂರನೆಯದು ನಮ್ಮ ಹೊಣೆ. ಆರ್ತನು ಕೂಗಿದಾಗ ಶಕ್ತನಾಗಿಯೂ ಓಡಿಬಾರದವನಿಗೆ ೧೦೦ ಪಣ ದಂಡ. ಆ ಸಾಲನ್ನು ಹಿಂದೆ ಅನೇಕ ಸಲ ಓದಿದ್ದೆನು, ಓದಿಸಿಯೂ ಇದ್ದೆನು. ಆ ರಾತ್ರಿ ಮಾತ್ರ ಅದು ನನ್ನ ಹೆಸರು ಹಿಡಿದು ಕರೆದಂತಾಯಿತು. ಇದೇ ಶ್ಲೋಕದಲ್ಲಿ, ಇದೇ ದಂಡಕ್ಕೆ ಗುರಿಯಾಗಿ, ಮತ್ತೊಬ್ಬನಿದ್ದಾನೆ: ಕಾರಣವಿಲ್ಲದೆ ಕೂಗೆಬ್ಬಿಸಿದವನು. ಕೂಗಿಗೆ ಓಡದವನೂ ಸುಳ್ಳು ಕೂಗನ್ನೆಬ್ಬಿಸಿದವನೂ ಒಂದೇ ತಕ್ಕಡಿಯಲ್ಲಿ ಸಮತೂಕದವರು. ಏಕೆಂದರೆ ಇಬ್ಬರೂ ಕೂಗಿನ ಬೆಲೆಯನ್ನೇ ಕೆಡಿಸುವರು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧಸತ್ಯವನ್ನು ಹೇಳಿದಂತಾಗುವುದು. ಅದೇ ಶ್ಲೋಕವು ಉತ್ತಮವರ್ಣದವರನ್ನು ಮುಟ್ಟಿದ ಚಂಡಾಲನಿಗೂ ಅದೇ ದಂಡವನ್ನು ಹೇಳುತ್ತದೆ. ಮುಟ್ಟಲೂ ಬಾರದವನು ಬೀದಿಯಲ್ಲಿ ಕೂಗಿದರೆ ಯಾರು ಓಡಿಬರುತ್ತಿದ್ದರು? ಈ ಅನ್ಯಾಯವನ್ನು ಹನ್ನೆರಡನೆಯ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿಯೇ ಶರಣರು ಎದುರಿಸಿದರು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಶಾಸ್ತ್ರವನ್ನು ಓದುವವನು ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಲು ಅರಿತಿರಬೇಕು. ಬೀದಿಯ ರಕ್ಷಣೆಯು ಕೆಲವರಿಗೆ ಮಾತ್ರವಾದರೆ ಅದು ರಕ್ಷಣೆಯೇ ಅಲ್ಲ.

ಈ ಮೂರು ಹೊಣೆಗಳು ಸಡಿಲಿದಾಗ ಏನಾಯಿತೆಂಬುದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಸೀಮೆಯು ನಿಜಾಮನ ರಾಜ್ಯದಲ್ಲಿತ್ತು. ಕಲ್ಯಾಣವು ಅದರೊಳಗೆ ಒಬ್ಬ ನವಾಬನ ಜಹಗೀರಾಗಿತ್ತು. ಪಡುವಣದ ಸೊಲ್ಲಾಪುರವು ೧೮೧೮ರಲ್ಲಿ ಆಂಗ್ಲರ ವಶವಾಯಿತು. ಕೆಲವು ದಿನಗಳ ಪ್ರಯಾಣದಲ್ಲಿಯೇ ಹಲವು ಒಡೆತನಗಳನ್ನು ದಾಟಬೇಕಾಗಿತ್ತು. ಒಂದೆಡೆ ಕೊಲೆಮಾಡಿದವನು ಮತ್ತೊಂದೆಡೆಗೆ ಕಾಲಿಟ್ಟರೆ ಬದುಕಿಕೊಂಡನು. ಠಕ್ಕರೆಂದೂ ಫಾಸಿಗಾರರೆಂದೂ ಹೆಸರಾದ ಗುಂಪುಗಳು ಬೆಳೆದುದು ಇಂಥ ಬಿರುಕುಗಳಲ್ಲಿ. ಅವರು ಪಯಣಿಗರಂತೆ ಬಂದು ಜೊತೆಗೂಡುವರು, ಸವಿಮಾತಿನಿಂದ ನಂಬಿಸುವರು, ತಕ್ಕ ಸ್ಥಳದಲ್ಲಿ ಕೊರಳಿಗೆ ವಸ್ತ್ರವನ್ನು ಬಿಗಿದು ಕೊಂದು ಹೂಳುವರು. ಸತ್ತವನು ಪರಸ್ಥಳದವನಾದುದರಿಂದ ಅವನ ಮನೆಯವರು ಹುಡುಕಹೊರಡುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು.

ಮುಂದೆ ಸುರಪುರ ಸಂಸ್ಥಾನದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ತಾರುಣ್ಯದಲ್ಲಿ ನಿಜಾಮರಾಜ್ಯದ ನೈಋತ್ಯ ಜಿಲ್ಲೆಗಳ ಪೋಲೀಸು ಕೆಲಸದಲ್ಲಿದ್ದನು. ದಾರಿಗಳಲ್ಲಿ ನಡೆಯುತ್ತಿದ್ದ ನಿಗೂಢವಾದ ಕೊಲೆಗಳ ಬೆನ್ನು ಹತ್ತಿದ್ದಾಗಲೇ ತನ್ನನ್ನು ಸೈನ್ಯಕ್ಕೆ ಮರಳಿ ಕರೆದರೆಂದು ಆತನು ಆತ್ಮಕಥೆಯಲ್ಲಿ ಪರಿತಪಿಸಿದ್ದಾನೆ. ಠಕ್ಕನೊಬ್ಬನ ಬಾಯಿಯಿಂದ ಹೇಳಿಸಿದ ಆತನ ಕಾದಂಬರಿಯು ೧೮೩೯ರಲ್ಲಿ ಪ್ರಕಟವಾಗಿ ಲೋಕದ ಗಮನವನ್ನು ಸೆಳೆಯಿತು. ಸ್ಲೀಮನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಠಕ್ಕರನ್ನು ಹಿಡಿಯುವ ಕಾರ್ಯವು ನಡೆದು, ೧೮೩೬ರ ೩೦ನೆಯ ಕಾಯಿದೆಯಿಂದ ಠಕ್ಕರ ಗುಂಪಿಗೆ ಸೇರಿದವನೆಂಬುದೇ ಯಾವಜ್ಜೀವ ಸೆರೆಗೆ ಸಾಕಾಯಿತು. ಕೃತ್ಯವು ಎಲ್ಲಿ ನಡೆಯಿತೆಂಬ ಸೀಮೆಯ ತೊಡಕು ಹೀಗೆ ಅಳಿಯಿತು. ದಾರಿಗಳು ಕ್ರಮೇಣ ನಿರ್ಭಯವಾದುದಕ್ಕೆ ಇದು ಮುಖ್ಯಕಾರಣ.

ಆದರೆ ಇದೇ ಬಗೆಯ ಆಲೋಚನೆಯು ಮುಂದೆ ಮಿತಿಮೀರಿತು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕೃತ್ಯವನ್ನು ಬಿಟ್ಟು ಜನ್ಮವನ್ನೇ ಅಪರಾಧವೆಂದೆಣಿಸಿತು. ಇಡಿಯ ಸಮುದಾಯಗಳು ಹಾಜರಿ ಹಾಕುತ್ತ ಬಾಳಬೇಕಾಯಿತು. ೧೯೫೨ರ ವರೆಗೂ ಈ ಕಳಂಕವು ಹೋಗಲಿಲ್ಲ. ಯಾರನ್ನು ಶಂಕಿಸಬಹುದೆಂಬುದಕ್ಕೆ ಮಿತಾಕ್ಷರೆಯಲ್ಲಿಯೂ ಲಕ್ಷಣಗಳುಂಟು: ಕೇಳಿದಾಗ ಬಾಯಿ ಒಣಗುವುದು, ದನಿ ಒಡೆಯುವುದು, ಆದಾಯವಿಲ್ಲದೆ ವೆಚ್ಚ ಮಾಡುವುದು. ಆದರೆ ಕಳವಿನ ವಸ್ತುವು ಕೈಯಲ್ಲಿ ಸಿಕ್ಕಿದರೂ ಅದು ಹೇಗೆ ಬಂದಿತೆಂದು ಪರೀಕ್ಷಿಸಬೇಕೆಂದು ವಿಜ್ಞಾನೇಶ್ವರನು ಎಚ್ಚರಿಸುತ್ತಾನೆ. ಕಳ್ಳರು ಆಶ್ರಮದಲ್ಲಿ ಬಚ್ಚಿಟ್ಟ ಧನದ ದೆಸೆಯಿಂದ ಶೂಲಕ್ಕೇರಿದ ಮಾಂಡವ್ಯ ಋಷಿಯ ಕಥೆಯನ್ನು ಭಾರತದಲ್ಲಿ ಕೇಳದವರಾರು?

ಇನ್ನು ಪೋಷಕನ ಹೊಣೆಯ ವಿಚಾರ. ೧೯೪೭-೪೮ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಗಳನ್ನು ಸುಲಿದಾಗ, ತಡೆಯಬೇಕಾಗಿದ್ದ ಸರಕಾರವೇ ಅವರಿಗೆ ನೆರಳಾಗಿತ್ತು. ೧೯೪೮ರ ಮೇ ತಿಂಗಳಲ್ಲಿ ನಮ್ಮ ಸೀಮೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಇಲ್ಲಿಯ ಮನೆಮನೆಗಳು ಇಂದಿಗೂ ನೆನೆಯುತ್ತವೆ. ಅದೇ ವರ್ಷದ ಆಗಸ್ಟಿನಲ್ಲಿ, ಭಾರತದೊಡನೆ ಸೇರಬೇಕೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನನನ್ನು ಹೈದರಾಬಾದಿನ ಬೀದಿಯಲ್ಲಿ, ಆತನು ರಾತ್ರಿ ಮನೆಗೆ ಮರಳುವಾಗ ಕೊಂದರು. ಗುಂಪಿಗೆ ಬಲಿಯಾಗುವವನ ಮತವು ಯಾವುದಾದರೇನು?

ಸಪ್ಟೆಂಬರ ೧೩ರಿಂದ ೧೭ರ ವರೆಗೆ ನಡೆದ ಪೋಲೀಸು ಕಾರ್ಯಾಚರಣೆಯಿಂದ ಸಂಸ್ಥಾನವು ಭಾರತಕ್ಕೆ ಸೇರಿತು. ರಜ್ವಿಯು ಸೆರೆಗೆ ಹೋದನು. ಅಲ್ಲಿಗೆ ಕಥೆಯನ್ನು ಮುಗಿಸುವುದು ನಮಗೆ ರೂಢಿ. ಆದರೆ ಆಮೇಲಿನ ವಾರಗಳಲ್ಲಿ ಗುಂಪುಗಳು ಮತ್ತೊಂದು ಕಡೆಯಿಂದ ಎದ್ದವು. ರಜಾಕಾರರ ಪಾಪಕ್ಕೆ ನೆರೆಮನೆಯ ನಿರಪರಾಧಿಗಳಾದ ಮುಸಲ್ಮಾನರು ಬಲಿಯಾದರು. ಭಾರತಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲೆಲ್ಲ ಕಡಮೆಯೆಂದರೂ ೨೭,೦೦೦ದಿಂದ ೪೦,೦೦೦ ಜನರು ಹತರಾದರೆಂದು ಅಂದಾಜು ಮಾಡಿತು. ಅತಿಹೆಚ್ಚಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರೂ ಒಂದು. ತಮ್ಮ ಪ್ರಾಣವನ್ನು ಪಣವಿಟ್ಟು ನೆರೆಯವರನ್ನು ಕಾಪಾಡಿದ ಹಿಂದೂಗಳ ಉದಾಹರಣೆಗಳನ್ನೂ ಆ ಸಮಿತಿಯು ದಾಖಲಿಸಿದೆ. ಅವರೇ ಕೂಗಿಗೆ ಓಡಿಬಂದವರು. ಗೋರಟಾದ ನೋವನ್ನು ನೆನೆಯುವ ನಾವು ಇವರ ಧೈರ್ಯವನ್ನೂ, ಇವರು ಉಳಿಸಲಾರದೆ ಹೋದವರನ್ನೂ ನೆನೆಯದಿದ್ದರೆ ನಮ್ಮ ಸ್ಮರಣೆಯು ಕುಂಟಾದೀತು.

ಸುಳ್ಳು ಕೂಗಿನ ಫಲವನ್ನಾದರೋ ನಾವು ಕಣ್ಣಾರೆ ಕಂಡಿದ್ದೇವೆ. ೨೦೧೮ರ ಜುಲೈ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವರನ್ನು ಜನರು ಮಕ್ಕಳ ಕಳ್ಳರೆಂದು ಬಗೆದರು. ಅವರು ಮಾಡಿದುದು ಮಕ್ಕಳಿಗೆ ಮಿಠಾಯಿ ಕೊಟ್ಟದ್ದು. ಕೈಯೊಳಗಿನ ಫೋನುಗಳಲ್ಲಿ ಕೂಗು ಊರಿಂದೂರಿಗೆ ಹಾರಿತು, ದಾರಿಯನ್ನು ಕಟ್ಟಿದರು, ಒಬ್ಬ ತರುಣನು ಪ್ರಾಣ ಕಳೆದುಕೊಂಡನು, ಬಿಡಿಸಲು ಹೋದ ಪೋಲೀಸರೂ ಗಾಯಗೊಂಡರು. ಅಂದು ನೂರಾರು ಜನರು ಓಡಿಬಂದಿದ್ದರು. ಕೂಗಿಗೆ ಓಡಿಬರುವ ಧರ್ಮವೇ ವಿಷವಾದ ಬಗೆ ಅದು. ಸ್ಮೃತಿಕಾರನು ಎರಡು ತಪ್ಪುಗಳನ್ನೂ ಒಟ್ಟಿಗೆ ಏಕೆ ಕಟ್ಟಿದನೆಂಬುದಕ್ಕೆ ಇದಕ್ಕಿಂತ ವ್ಯಾಖ್ಯಾನ ಬೇಡ.

ಹಾಗಾದರೆ ಸಾಮಾನ್ಯನು ಮಾಡತಕ್ಕುದೇನು? ಸೀಮೆಯ ತೊಡಕನ್ನು ಇಂದಿನ ಕಾಯಿದೆಯು ಕಳೆದಿದೆ: ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನ ಮೇರೆಗೆ, ಕೃತ್ಯವು ಯಾವ ಠಾಣೆಯ ಎಲ್ಲೆಯಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸುಲಿಗೆಯಂಥ ಅಪರಾಧವನ್ನು ಬಲ್ಲವನು ತಿಳಿಸತಕ್ಕದ್ದೆಂದು ೩೩ನೆಯ ಕಲಮು ಹೇಳುತ್ತದೆ. ೧೧೨ ಎಂಬ ಸಂಖ್ಯೆಗೆ ಕರೆಮಾಡಿದರೆ ಪೋಲೀಸರಿಗೆ ಸುದ್ದಿ ಮುಟ್ಟುತ್ತದೆ. ತನ್ನನ್ನೂ ಪರರನ್ನೂ ಅಗತ್ಯವಿದ್ದಷ್ಟು ಬಲದಿಂದ ರಕ್ಷಿಸಿಕೊಳ್ಳುವ ಹಕ್ಕನ್ನು ಕಾಯಿದೆಯು ಒಪ್ಪಿದೆ; ಸೆರೆಸಿಕ್ಕವನನ್ನು ಬಡಿಯುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ.

ಓಡುವುದೆಂದರೆ ಚೂರಿ ಹಿಡಿದವನ ಮೇಲೆ ಮುದುಕನು ಒಂಟಿಯಾಗಿ ಬೀಳುವುದಲ್ಲ. ಶಾಸ್ತ್ರವೂ ಶಕ್ತನಿಗೇ ದಂಡವನ್ನು ಹೇಳಿತು. ಕೂಗಿಗೆ ಮರುಕೂಗು ಕೊಡುವುದೂ ಓಡುವುದೇ. ಪಕ್ಕದವನ ಹೆಗಲು ಮುಟ್ಟಿ ‘ಬಾ, ಇಬ್ಬರೂ ಹೋಗೋಣ’ ಎನ್ನುವುದು, ಗುಂಪಿನ ಮುಖಗಳನ್ನೂ ವಾಹನದ ಸಂಖ್ಯೆಯನ್ನೂ ನೆನಪಿಡುವುದು, ನೊಂದವನೊಡನೆ ಠಾಣೆಯ ಮೆಟ್ಟಿಲೇರುವುದು, ಕರೆದಾಗ ಸಾಕ್ಷಿ ನುಡಿಯುವುದು, ಇವೆಲ್ಲವೂ ಓಡುವುದೇ. ನಾಲ್ವರ ಗುಂಪಿಗೆ ಐವತ್ತು ಜನರು ಹೆದರುವುದು ನಾಲ್ವರ ಬಲದಿಂದಲ್ಲ. ಐವತ್ತು ಜನರೂ ಒಬ್ಬೊಬ್ಬರಾಗಿ ನಿಂತಿರುವುದರಿಂದ.

ಮರುದಿನ ಬೆಳಗ್ಗೆ ನಾನು ಆ ಪೇಟೆಗೆ ಮರಳಿ ಹೋಗಿ, ಮುದುಕನ ಊರನ್ನು ವಿಚಾರಿಸಿ ಆತನನ್ನು ಕಂಡು, ಇಬ್ಬರೂ ಕೂಡಿ ಠಾಣೆಗೆ ಹೋದೆವು. ಕಂಡುದನ್ನು ಕಂಡಂತೆ ಬರೆದುಕೊಟ್ಟು ಸಹಿ ಹಾಕಿದೆನು. ಹಣವು ಇನ್ನೂ ಸಿಕ್ಕಿಲ್ಲ. ಠಾಣೆಯಿಂದ ಹೊರಬಂದಾಗ ಆತನು ಚಹದಂಗಡಿಗೆ ಕರೆದೊಯ್ದು, ಬೇಡವೆಂದರೂ ಕೇಳದೆ ತಾನೇ ದುಡ್ಡು ಕೊಟ್ಟನು. ಒಂದು ಹಗಲು ತಡವಾಗಿ ಓಡಿದವನಿಗೆ ಶಾಸ್ತ್ರದಲ್ಲಿ ದಂಡವೆಷ್ಟೆಂದು ಬರೆದಿಲ್ಲ. ಆ ಚಹವನ್ನು ಕುಡಿಯುವಾಗ ನಾನು ಅದನ್ನು ತೆತ್ತೆನೆಂದು ಭಾವಿಸಿದ್ದೇನೆ.