ಪದ ಪರಿಚಯ: ಮೀಸಲು

ಹಳಗನ್ನಡದ ‘ಮೀಸಲ್’ ಇಂದಿನ ಮೀಸಲು. ಎಂಜಲನ್ನು ಎದುರಿಗಿಟ್ಟರೆ ಇದರ ಅರ್ಥ ತಟ್ಟನೆ ತಿಳಿಯುತ್ತದೆ: ಯಾರೂ ಬಾಯಿಡದ, ಬಳಸದ, ದೇವರಿಗೆಂದೇ ತೆಗೆದಿಟ್ಟ ವಸ್ತು. ಹರಕೆಯ ಬೆಣ್ಣೆಯಾಗಲಿ ಹೊಸ ಬೆಳೆಯ ಕಾಳಾಗಲಿ, ದೇವರಿಗೆ ಸಲ್ಲಿಸಿ ಮೀಸಲು ಮುರಿದ ಮೇಲೆಯೇ ಮನೆಯವರಿಗೆ. ಮುಡಿಪು ಇದರ ನೆರೆಯ ಪದ. ಅದರಲ್ಲಿ ಗಂಟು ಕಟ್ಟಿಟ್ಟ ಹರಕೆಯ ಹಣದ ನೆನಪು ಹೆಚ್ಚು.

ಚಿತ್ರದುರ್ಗ ಸೀಮೆಯಲ್ಲಿ ಈ ಪದಕ್ಕೆ ಜೀವವೇ ಇದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳು ನೇಗಿಲಿಗೆ ಹೂಡದ, ಮಾರದ ಮೀಸಲು ರಾಸುಗಳು. ಅವುಗಳ ಪಾಲಕರಾದ ಕಿಲಾರಿಗಳು ಅವನ್ನು ದೇವರೆಂದೇ ಕಾಯುತ್ತಾರೆ. ಬರಗಾಲದಲ್ಲಿ ಅವಕ್ಕೆ ಮೇವು ಹೊಂದಿಸುವ ಕಷ್ಟ ದೊಡ್ಡದು. ಆದರೂ ಕೈಬಿಡದ ಅವರ ನಿಷ್ಠೆ ನಮ್ಮ ಗೌರವಕ್ಕೆ ಅರ್ಹ.

ಆಮೇಲೆ ಪದ ಗುಡಿಯಿಂದ ಕಚೇರಿಗೂ ನಡೆಯಿತು. ಜೋಗಿಮಟ್ಟಿ ಮೀಸಲು ಅರಣ್ಯ. ಚಿತ್ರದುರ್ಗ ಲೋಕಸಭಾ ಕ್ಷೇತ್ರ, ಹೊಳಲ್ಕೆರೆ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಚಳ್ಳಕೆರೆ, ಮೊಳಕಾಲ್ಮುರು ಪರಿಶಿಷ್ಟ ಪಂಗಡಕ್ಕೆ. ‘ಮೀಸಲಾತಿ’ಯನ್ನು ಕೆಲವರು ಭಿಕ್ಷೆಯೆಂಬಂತೆ ಆಡುವುದುಂಟು. ಕನ್ನಡದ ಪದ ಹಾಗೆನ್ನುವುದಿಲ್ಲ: ಮೀಸಲು ಎಂದರೆ ಸಲ್ಲಬೇಕಾದವರಿಗೆ ಮೊದಲೇ ತೆಗೆದಿಟ್ಟ ಪಾಲು, ಬೇರೆಯವರು ಕೈಹಾಕಬಾರದ್ದು.